ಎದೆಯ ನೇರಕ್ಕೆ

ಮದುವೆಯಾಗಿ ವರ್ಷವಾದರೂ ಶ್ರೀಕಂಠ, ವಿನುತಾ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಅದಕ್ಕೇ ಅವನು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವಂಥ ಪುಟ್ಟ ಗಾಡಿಯೊಂದನ್ನು ಅಂಗಳದಲ್ಲೇ ಕಟ್ಟತೊಡಗಿದ. ಒಳಗೆ ಇಬ್ಬರು ಮಲಗುವಷ್ಟೇ ಜಾಗ. ಬಾಗಿದ ಚಾವಣಿಗೆ ಆಸರೆಯಾಗಿ ಮರದ ಅಡ್ಡಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿಯುತ್ತಿದ್ದಾಗ ಅವನ ತಾಯಿ ಬಂದು ನಿಂತರು.

"ಮಲಗೋರ ಎದೆ ಮೇಲೆ ತೊಲೆ ಬರಬಾರದು ಕಣೋ."

"ಇದು ತೊಲೆ ಅಲ್ಲಮ್ಮ, ಎರಡಿಂಚಿನ ಪಟ್ಟಿ. ಇದಿಲ್ದಿದ್ರೆ ಚಾವಣಿ ನಿಲ್ಲಲ್ಲ."

"ಮಲಗಿದಾಗ ಮೇಲೆ ಅಡ್ಡ ಬಂದ್ರೆ ಅದು ತೊಲೇನೇ."

"ರೀ, ಜರುಗಿಸಿಬಿಡಿ," ಎಂದಳು ವಿನುತಾ ಮೆಲ್ಲಗೆ. "ಒಂದ್ಸಲ ಹೊರಟ್ರೆ ಸಾಕಾಗಿದೆ."

ಅವನು ಸ್ಕ್ರೂ ಬಿಚ್ಚಿದ. ಇಬ್ಬರೂ ಒಳಗೆ ಮಲಗಿ ಎದೆಯ ನೇರ ನೋಡಿಕೊಂಡರು. ಪಟ್ಟಿಯನ್ನು ತಲೆಯ ಕಡೆಗೆ ಗೇಣುದ್ದ ಸರಿಸಿ ಬಿಗಿದ ಮೇಲೆ ಇನ್ನೊಮ್ಮೆ ಮಲಗಿ ತೋರಿಸಿದರು.

"ಈಗ ಸರಿಯಾಯ್ತಾ ಅಮ್ಮ?"

ತಾಯಿ ಚಪ್ಪಲಿ ಬಿಟ್ಟು ಗಾಡಿ ಹತ್ತಿದರು. ಮಗನನ್ನು ಒಂದು ಕಡೆಗೆ, ಸೊಸೆಯನ್ನು ಇನ್ನೊಂದು ಕಡೆಗೆ ಸರಿಸಿ, ನಡುವೆ ಅಂಗಾತ ಮಲಗಿ ಮೇಲೆ ನೋಡಿದರು.

"ನಾನು ಗಿಡ್ಡ ಅಲ್ವೇನೋ, ಸರಿಯಾಗಿ ನನ್ನ ಎದೆ ಮೇಲೇ ಬರುತ್ತೆ."