ಕೂತು ಮಾಡುವ ಕೆಲಸ

"ನಿಮ್ಮದು ಕೂತು ಮಾಡೋ ಕೆಲಸ ಅಲ್ವೇನ್ರೀ? ಕಾಲು ಹೇಗೆ ಹಾಳಾಗುತ್ತೆ?" ಬಸ್ ಸಂಸ್ಥೆಯ ವೈದ್ಯಾಧಿಕಾರಿ ಅರ್ಜಿಯಿಂದ ತಲೆ ಎತ್ತದೆ ಕೇಳಿದರು. ಎದುರಿಗೆ ನಿಂತಿದ್ದ ಡ್ರೈವರನ ಬಾಯಿಗೆ ಬಂದ ಮಾತು ಒಂದೆರಡಲ್ಲ. ಹೆಂಡತಿ ಪಕ್ಕದಿಂದ ಅಂಗಿಯ ತೋಳು ಜಗ್ಗಿದ್ದಕ್ಕೆ ಅವುಗಳಲ್ಲಿ ಮೆತ್ತಗಿನದನ್ನೇ ಆರಿಸಿ ಹೇಳಿದ.

"ಕ್ಲಚ್ ತುಳೀತೀನಲ್ಲ ಸಾರ್. ಇಪ್ಪತ್ತಮೂರು ವರ್ಷ ಆಯ್ತು. ಒಂದು ಟ್ರಿಪ್ಪಿಗೆ ನಾನೂರು ಸಲ, ಎಣಿಸಿದೀನಿ."

"ಎಣಿಸ್ತಾ ಇದ್ರೆ ಬಸ್ ಯಾರು ಓಡಿಸ್ತಾ ಇದ್ರು?" ತಮ್ಮ ತಮಾಷೆಗೆ ತಾವೇ ನಕ್ಕರು.

ಡಿಪೋದಲ್ಲಿ ಈ ಮಹಾಶಯರಿಗೆ 'ಬರೋಲ್ಲ ಸಾಹೇಬರು' ಎಂದೇ ಹೆಸರು. ಯಾರು ಯಾವ ಅರ್ಜಿ ತಂದರೂ 'ನಿಯಮದಡಿ ಬರುವುದಿಲ್ಲ' ಎಂದು ಬರೆದು ಕೈ ತೊಳೆದುಕೊಳ್ಳುವುದರಲ್ಲಿ ಎತ್ತಿದ ಕೈ. ಈಗಲೂ ಬರೆದರು: 'ಕೂತು ಮಾಡುವ ಕೆಲಸ. ಕಾಲುನೋವಿಗೂ ಕೆಲಸಕ್ಕೂ ಸಂಬಂಧವಿಲ್ಲ. ಆಪರೇಷನ್ನಿಗೆ ವಿಶೇಷ ರಜೆ ನಿಯಮದಡಿ ಬರುವುದಿಲ್ಲ.' ಬರೆದು ಮುಗಿಸುವವರೆಗೆ ಒಮ್ಮೆಯೂ ಆ ಕಾಲಿನ ಕಡೆ ನೋಡಲಿಲ್ಲ. ಎಡಪಾದದ ಕೀಲು ಊದಿಕೊಂಡು ಬೂಟಿನ ಲೇಸು ಕಟ್ಟಲಾಗದೆ ಜೋತಾಡುತ್ತಿತ್ತು. ಬಗ್ಗಿ ನೋಡಲು ಏನು ರೋಗ?

"ಹೋಗ್ಲಿ ಸಾರ್. ನನ್ನ ರಜೇಲೇ ಮಾಡಿಸ್ಕೋತೀನಿ. ವಾಸಿಯಾದ್ಮೇಲೆ ಡ್ಯೂಟಿಗೆ ತಗೋತೀವಿ ಅಂತ ಒಂದು ಸಾಲು ಬರೆದುಕೊಡಿ, ಸಾಕು."

ಆ ಒಂದು ಸಾಲಿಗಾಗಿ ಕಾದು, ಆಪರೇಷನ್ನಿಗೆ ಅವನು ಸಹಿ ಹಾಕಿ ಕೊಡಬೇಕಾದ ಆಸ್ಪತ್ರೆಯ ಒಪ್ಪಿಗೆ ಪತ್ರ ಹೆಂಡತಿಯ ಚೀಲದಲ್ಲಿ ತಿಂಗಳಿಂದ ಸಹಿಯಿಲ್ಲದೆ ಬಿದ್ದಿತ್ತು. ಸವೆದ ಕೀಲನ್ನು ತಿರುಪು ಹಾಕಿ ಕೂಡಿಸಿಬಿಡೋಣ, ನೋವು ಹೋಗುತ್ತೆ, ಪಾದ ಮಾತ್ರ ಮಡಚೋಕಾಗಲ್ಲ ಎಂದಿದ್ದರು ಮೂಳೆ ಡಾಕ್ಟರು. ಅವರ ಚೀಟಿ ಓದಿದ ಸಾಹೇಬರ ಹುಬ್ಬು ಮೇಲೇರಿತು.

"ಪಾದ ಮಡಚೋಕೇ ಆಗಲ್ಲ ಅಂದ್ರೆ ಕ್ಲಚ್ ಹೇಗ್ರೀ ತುಳೀತೀರಿ? ಆಪರೇಷನ್ ಆದ್ರೆ ನೀವು ಡ್ರೈವರ್ ಕೆಲಸಕ್ಕೆ ಅನರ್ಹ."

ಅಷ್ಟು ಹೊತ್ತೂ ಗಂಡನ ತೋಳು ಹಿಡಿದಿದ್ದವಳು ಕೈ ಬಿಟ್ಟಳು. "ಏನ್ ಸಾರ್ ಇದು? ಕಾಲು ಹಾಳಾಗೋವಾಗ ಕೂತು ಮಾಡೋ ಕೆಲಸ, ಸರಿ ಮಾಡಿಸ್ಕೊಂಡ್ರೆ ತುಳಿದು ಮಾಡೋ ಕೆಲಸಾನಾ? ಎರಡನ್ನೂ ಒಂದೇ ಹಾಳೇಲಿ ಬರೆದು ಸಹಿ ಹಾಕಿ, ನೋಡೋಣ!"

"ದನಿ ತಗ್ಗಿಸಮ್ಮ. ಆಪರೇಷನ್ ಮಾಡಿಸ್ಕೊಳ್ಳಿ ಅಂತ ನಾನು ಹೇಳಿದ್ನಾ? ಮಾತ್ರೆ ನುಂಗ್ಕೊಂಡು ಓಡಿಸಲಿ. ಎಷ್ಟು ಜನ ಓಡಿಸ್ತಾ ಇಲ್ಲ?"

ಮಾತ್ರೆ ನುಂಗಿಯೇ ಓಡಿಸುತ್ತಿದ್ದ. ಹೋದ ವಾರ ಸ್ಟಾಪಿನಲ್ಲಿ ಕಾಲು ಕೈಕೊಟ್ಟು ಕ್ಲಚ್ ಜಾರಿತ್ತು. ಬಸ್ಸು ಜಿಗಿದ ರಭಸಕ್ಕೆ ಬಾಗಿಲ ಬಳಿ ನಿಂತಿದ್ದ ಪುಟ್ಟ ಹುಡುಗಿ ಕಂಬಿಗೆ ಬಡಿದು ಹಲ್ಲು ಮುರಿದುಕೊಂಡಳು. ಆ ಮಗುವಿನ ರಕ್ತದ ಬಾಯಿ ಅವನ ಕಣ್ಣ ಮುಂದೆ ಬಂತು. ಕುರ್ಚಿ ಎಳೆದುಕೊಂಡು ಕೂತ. ಕೂತು ಮಾಡುವ ಕೆಲಸದವನಿಗೆ ಅಲ್ಲಿಯವರೆಗೆ ಯಾರೂ ಕೂತುಕೊಳ್ಳಿ ಎಂದಿರಲಿಲ್ಲ.

"ತೆಗಿಯೇ ಆ ಆಸ್ಪತ್ರೆ ಕಾಗದ."

ಪೆನ್ನಿಗೆಂದು ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಕ್ಲಚ್ ಪೆಡಲಿನ ಹಳೇ ರಬ್ಬರು. ತುಳಿತಕ್ಕೆ ನಡುವೆ ತೂತು ಬಿದ್ದಿದೆ ಎಂದು ಮೆಕ್ಯಾನಿಕ್ ಬೆಳಿಗ್ಗೆಯಷ್ಟೇ ಕಿತ್ತು ಹೊಸದು ಹಾಕಿದ್ದ. ವರ್ಷದಲ್ಲಿ ಇದು ಮೂರನೆಯದು. ಅದಕ್ಕೆ ಯಾರೂ ಅರ್ಜಿ ಬರೆದಿರಲಿಲ್ಲ, ಯಾವ ನಿಯಮವೂ ಅಡ್ಡ ಬಂದಿರಲಿಲ್ಲ. ಮನೆಯಲ್ಲಿ ಅಲುಗಾಡುವ ಮಂಚದ ಕಾಲಿನಡಿ ಇಡಲು ಬರುತ್ತದೆಂದು ಇವನು ಹಳೆಯದನ್ನು ಜೇಬಿಗೆ ಹಾಕಿಕೊಂಡಿದ್ದ.

ಸಾಹೇಬರ ಪೆನ್ನನ್ನೇ ಎತ್ತಿಕೊಂಡು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಆಮೇಲೆ ಆ ತೂತು ರಬ್ಬರನ್ನು ಅವರು ಬರೆದ 'ಕೂತು ಮಾಡುವ ಕೆಲಸ' ಎಂಬ ಸಾಲಿನ ಮೇಲೆ ಇಟ್ಟು ಎದ್ದ.

"ಏನ್ರೀ ಇದು?"

"ಇದರದ್ದೂ ಕೂತು ಮಾಡೋ ಕೆಲಸಾನೇ ಸಾರ್."