ಗೇಟಿನ ತಪಾಸಣೆ

ಗೇರುಬೀಜದ ಫ್ಯಾಕ್ಟರಿಯಿಂದ ಹೊರಬೀಳುತ್ತಾ ಕುಶಲಾ ಎಂದಿನಂತೆ ಗೇಟಿನಲ್ಲಿ ಸೆರಗು ಕೊಡವಿ, ಎರಡೂ ಕೈ ಚಾಚಿ ನಿಂತಳು. ತಪಾಸಣೆ ಮಾಡುವ ಆಶಾಲತಾ ಕುರ್ಚಿಯಿಂದ ಏಳಲೇ ಇಲ್ಲ.

“ಇವತ್ತು ನೋಡ್ಲಿಕ್ಕಿಲ್ಲ ಕುಶಲಕ್ಕ. ಒಳಗೆ ಕದಿಯಲಿಕ್ಕೆ ಎಂತ ಉಂಟು ಮಾರಾಯ್ರೆ?”

ಏನೂ ಇರಲಿಲ್ಲ. ವಿಯೆಟ್ನಾಮಿನಿಂದ ಸುಲಿದ ಬೀಜವೇ ಅಗ್ಗಕ್ಕೆ ಬಂದಿಳಿಯತೊಡಗಿದ ಮೇಲೆ, ಸಿಪ್ಪೆ ಸುಲಿಯುವ ಈ ಹೆಂಗಸರ ಕೈಗಳು ಧಣಿಗಳಿಗೆ ದುಬಾರಿಯಾಗಿದ್ದವು. ನಾಳೆಯಿಂದ ಫ್ಯಾಕ್ಟರಿ ತೆರೆಯುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಳ್ಳಿಯಂತೆ ಮೈ ತಡವಿಸಿಕೊಳ್ಳಬೇಕಲ್ಲ ಎಂದು ಕುಶಲಾ ದಾರಿಯುದ್ದಕ್ಕೂ ಅತ್ತಿದ್ದಳು. ಈಗ ಉಳಿದವರೆಲ್ಲ ಕಣ್ಣೊರೆಸಿಕೊಂಡು ಅವಳನ್ನು ದಾಟಿ ಬಸ್ಸಿಗೆ ಹೋದರೂ ಅವಳು ಕದಲಲಿಲ್ಲ.

“ಒಮ್ಮೆ ನೋಡಿಬಿಡಿ ಆಶಕ್ಕ,” ಎಂದಳು. “ಕೆಲಸ ಮುಗಿಸಿ ಮನೆಗೆ ಹೋದ ಹಾಗೆ ಆಗ್ಲಿ.”