ಎಲ್ಲಿ ನೋಯುತ್ತಿದೆ?

ನೀಲಾಂಬಿಕಾ ಬೆಳಿಗ್ಗೆ ಹಾಲಿನ ಬೂತಿನಲ್ಲಿ, ಮಧ್ಯಾಹ್ನ ಝೆರಾಕ್ಸ್ ಅಂಗಡಿಯಲ್ಲಿ, ಸಂಜೆ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದಳು. ಆಸ್ಪತ್ರೆಯ ಕೆಲಸವೆಂದರೆ ನೋವು ಹೊರುವುದು. ರೋಗಿಗೆ ನಿದ್ದೆ ಹತ್ತುವ ತನಕ, ಮಣಿಕಟ್ಟಿನ ಪಟ್ಟಿಯಿಂದ ಹರಿದುಬರುವ ಅವರ ನೋವನ್ನು ತಾನು ತಡೆದುಕೊಂಡು ಕೂರಬೇಕು. ಇವುಗಳ ನಡುವೆಯೇ ಓದಿ ಮೆಡಿಕಲ್ ಕಾಲೇಜಿನ ಲಿಖಿತ ಪರೀಕ್ಷೆ ಪಾಸಾಗಿದ್ದಳು. ಉಳಿದದ್ದು ಅದೇ ಪಟ್ಟಿ ಕಟ್ಟಿಕೊಂಡು ರೋಗಿಗೆ ಎಲ್ಲಿ ನೋವೆಂದು ಹೇಳುವ ಪರೀಕ್ಷೆ ಮಾತ್ರ.

ಪರೀಕ್ಷೆಯ ಕೋಣೆಯಲ್ಲಿ ಮಂಚದ ಮೇಲೆ ಮುದುಕರೊಬ್ಬರು ನರಳುತ್ತಿದ್ದರು. ಪರೀಕ್ಷೆ ನಡೆಸುವ ಡಾಕ್ಟರ್ ಮೇಡಂ ಅವರ ಕೈಗೂ ನೀಲಾಂಬಿಕಾಳ ಕೈಗೂ ಪಟ್ಟಿ ಕಟ್ಟಿದರು.

"ಅಜ್ಜಾರಿಗೆ ಎಲ್ಲಿ ನೋಯ್ತೈತಿ, ಹೇಳವಾ."

ನೀಲಾಂಬಿಕಾ ಕಾದಳು. "ಮೇಡಂ, ಪಟ್ಟಿ ಇನ್ನೂ ಚಾಲೂ ಆಗಿಲ್ರಿ."

"ಚಾಲೂ ಮಾಡಿ ಭಾಳ ಹೊತ್ತಾತು."

ಅವಳು ಎದೆ, ಹೊಟ್ಟೆ, ಬೆನ್ನು ಎಲ್ಲ ಕಡೆ ಮನಸ್ಸಿಟ್ಟು ಹುಡುಕಿದಳು. ಎಲ್ಲಿಯೂ ಏನೂ ಇರಲಿಲ್ಲ. ಅಜ್ಜನ ನರಳಾಟ ಮಾತ್ರ ನಿಂತಿತ್ತು.

"ಈ ಹುಡುಗಿ ಪೂರಾ ಎಳಕೊಂಡ್ಲು ನೋಡ್ರಿ! ಇಕಿನ್ನ ಡಾಕ್ಟರ್ ಮಾಡ್ರಿ," ಎಂದರು ಅಜ್ಜ.

ಮೇಡಂ ನಿಧಾನವಾಗಿ ಪಟ್ಟಿ ಬಿಚ್ಚಿದರು. "ನೋವು ಹೊರೂ ಕೆಲಸ ಮಾಡ್ತಿಯೇನು?"

"ಹೌದ್ರಿ. ಕೋಚಿಂಗ್ ಫೀಸಿಗಂತ ಹಿಡಿದಿದ್ದೆ."

"ಹೊತ್ತು ಹೊತ್ತು ಒಳಗ ಜಡ್ಡುಗಟ್ಟೇತಿ. ಎಲ್ಲಿ ನೋಯ್ತೈತಿ ಅಂತ ತಿಳೀದವ್ರನ್ನ ಹೆಂಗ ತಗೊಳ್ಳಲವಾ?"

ಅಜ್ಜ ಮತ್ತೆ ಬಲಪಕ್ಕೆ ಹಿಡಿದುಕೊಂಡು ಮುದುಡಿದರು.

"ಬಲಪಕ್ಕೆ, ಮೇಡಂ!"

"ಅದು ನೋಡಿ ಹೇಳಿದ್ದು," ಎಂದು ಮೇಡಂ ಮುಖ ತಿರುಗಿಸಿ ಮುಂದಿನವರನ್ನು ಕರೆದರು.

"ಇನ್ನೊಂದೀಟು ಪಟ್ಟಿ ಕಟ್ಟಿಕೋ ತಂಗಿ," ಎಂದು ಅಜ್ಜ ಕೈ ಚಾಚಿದರು.

ಝೆರಾಕ್ಸ್ ಅಂಗಡಿಗೆ ಹೊತ್ತಾಗಿತ್ತು. ನೀಲಾಂಬಿಕಾ ಮತ್ತೆ ಕುಳಿತು ತನ್ನ ಮಣಿಕಟ್ಟು ಮುಂದೆ ಮಾಡಿದಳು.